ಬಾಕ್ಸ್ ಪಕ್ಕದ ನರ್ಸಮ್ಮ ಎಲ್ಲಿ ಕಲಿತರು? ಕೋಲಾರದ ಒಂದು ಹಳೇ ಕತೆ

"ಮಗು ತೂಕ ಕಮ್ಮಿ ಅಂತೆ, ಬಾಕ್ಸಲ್ಲಿ ಇಟ್ಟವ್ರೆ." ನಮ್ಮ ಕಡೆ ಹೆರಿಗೆಯಾದ ಮನೆಗಳಲ್ಲಿ ಈ ಮಾತು ಹೊಸದಲ್ಲ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು, ಎಲ್ಲಿ ಹುಟ್ಟಿದರೂ ಅಂಥ ಮಗುವನ್ನು ಎತ್ತಿಕೊಂಡು ಬರುವುದು ಹೆಚ್ಚಾಗಿ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೆ, ಇಲ್ಲವೇ ಟಮಕದ ಜಾಲಪ್ಪ ಆಸ್ಪತ್ರೆಗೆ. ಡಾಕ್ಟರ್ ಯಾರು, ದಿನಕ್ಕೆ ಎಷ್ಟಾಗುತ್ತೆ ಎಂದು ಎಲ್ಲರೂ ವಿಚಾರಿಸುತ್ತಾರೆ. ರಾತ್ರಿ ಎರಡು ಗಂಟೆಯಲ್ಲಿ ಆ ಬಾಕ್ಸ್ ಪಕ್ಕ ನಿಂತಿರುವ ನರ್ಸಮ್ಮ ಈ ಕೆಲಸ ಎಲ್ಲಿ ಕಲಿತರು ಎಂದು ಕೇಳುವವರು ಕಮ್ಮಿ. ಅದನ್ನು ಹುಡುಕಿಕೊಂಡು ನಾವು ಹಿಂದಕ್ಕೆ ಹೋದೆವು.

ಬಹಳ ಹಿಂದಕ್ಕೇ ಹೋಗಬೇಕಾಯಿತು. 1876ರಿಂದ 78ರವರೆಗೆ ಧಾತು, ಈಶ್ವರ ಸಂವತ್ಸರಗಳ ಬರ ಬಂತು. ಗಡಿಯ ತೆಲುಗಿನಲ್ಲಿ ಅದು 'ಧಾತ ಕರುವು'. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ಜನ ಇದ್ದರು, 1881ಕ್ಕೆ ಸುಮಾರು 42 ಲಕ್ಷ. ತಂದೆ ತಾಯಿ ಇಲ್ಲದ ಮಕ್ಕಳು ಬೀದಿಗೆ ಬಿದ್ದರು. ಕೋಲಾರದಲ್ಲಿ ಅಂಥವರಿಗೆ ಅನಾಥಾಲಯ ನಡೆಸಿದವರು ಇಂಗ್ಲೆಂಡಿನಿಂದ ಬಂದಿದ್ದ ಮಿಸ್ ಆನ್‌ಸ್ಟಿ. 1890ರಲ್ಲಿ ಅವರು ಅದನ್ನು ಅಮೆರಿಕದ ಮೆಥಡಿಸ್ಟ್ ಮಿಷನ್‌ಗೆ ವಹಿಸಿದರು. ಅದೇ ಮಿಷನ್ 1910ರ ಹೊತ್ತಿಗೆ ಕಟ್ಟಿದ್ದು ಇಟಿಸಿಎಂ ಆಸ್ಪತ್ರೆ. ಆ ನಾಲ್ಕು ಅಕ್ಷರ ಎಲ್ಲರ ಬಾಯಲ್ಲೂ ಇದೆ. ಬಿಡಿಸಿದರೆ ಎಲೆನ್ ಥೋಬರ್ನ್ ಕೋವೆನ್ ಮೆಮೋರಿಯಲ್. ಮಿಷನ್ನಿನ ಮಹಿಳಾ ಸಂಘದಲ್ಲಿ ದುಡಿದ ಒಬ್ಬ ಹೆಣ್ಣುಮಗಳ ನೆನಪಿಗೆ ಇಟ್ಟ ಹೆಸರು. ಅಲ್ಲಿ ನರ್ಸಿಂಗ್ ಶಾಲೆಯೂ ನಡೆದುಬಂದಿದೆ.

ಆದರೆ ಅಂದಿನ ನರ್ಸಿಂಗ್ ಶಾಲೆಗಳಲ್ಲಿ ಕಲಿಯುತ್ತಿದ್ದುದು ಮುಖ್ಯವಾಗಿ ಎರಡು: ರೋಗಿಯ ಆರೈಕೆ, ಹೆರಿಗೆ. ಮಗು ಎಂದರೆ ಹೆರಿಗೆಯ ಕೊನೆಯ ಪಾಠ. ಹಳ್ಳಿಯಲ್ಲೂ ಹೀಗೇ ಇತ್ತು. ಸೂಲಗಿತ್ತಿಯ ಕೈಗುಣವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಆ ಕೈಗುಣಕ್ಕೇ. ಹುಟ್ಟಿಸುವ ವಿದ್ಯೆ ಅವರ ಬಳಿ ಇತ್ತು. ಏಳು ತಿಂಗಳಿಗೇ ಹುಟ್ಟಿದ ಮಗುವನ್ನು ಉಳಿಸುವ ವಿದ್ಯೆ ಆಗ ಊರಲ್ಲೂ ಇರಲಿಲ್ಲ, ಆಸ್ಪತ್ರೆಯಲ್ಲೂ ಇರಲಿಲ್ಲ.

ಇದು ಬೇರೆಯೇ ವಿದ್ಯೆ ಎನ್ನಲು ಕಾರಣ ಇದೆ. ಒಂದೂವರೆ ಕೇಜಿ ಮಗುವಿಗೆ ಔಷಧಿಯನ್ನು ಅದರ ತೂಕ ನೋಡಿ, ಲೆಕ್ಕ ಹಾಕಿ ಕೊಡಬೇಕು. ದೊಡ್ಡವರ ಗ್ಲೂಕೋಸ್ ಸೆಟ್‌ನಲ್ಲಿ ಒಂದು ಎಂಎಲ್‌ಗೆ ಸುಮಾರು 20 ಹನಿ, ಮಕ್ಕಳ ಸೆಟ್‌ನಲ್ಲಿ 60. ಸೆಟ್ ಅದಲುಬದಲಾಗಿ ಹನಿ ಎಣಿಕೆ ಮಾತ್ರ ಹಾಗೇ ಉಳಿದರೆ, ಮಗುವಿನ ಮೈಗೆ ಮೂರು ಪಟ್ಟು ನೀರು ಹೋಗುತ್ತದೆ. ಎಳೆಗೂಸಿಗೆ ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚು ಉಸಿರು ಇದ್ದರೆ ಅಪಾಯ. ವರ್ಷ ತುಂಬಿದ ಮಗುವಿಗೆ 40 ಮುಟ್ಟಿದರೇ ಅಪಾಯ. (ಇದನ್ನು ಮನೆಯಲ್ಲಿ ನೀವೂ ಎಣಿಸಬಹುದು. ಮಗು ಅಳದೆ ಇರುವಾಗ, ಪೂರ್ತಿ ಒಂದು ನಿಮಿಷ.) ಜೊತೆಗೆ, ಮಗು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ತಾಯಿಯನ್ನೇ ಕೇಳಬೇಕು. ಶ್ರೀನಿವಾಸಪುರದ ಹಳ್ಳಿಯ ತಾಯಿಯಾದರೆ "ಬಿಡ್ಡ ಪಾಲು ತಾಗುತುಂದಾ?" ಎಂದು ತೆಲುಗಿನಲ್ಲೇ ಕೇಳಬೇಕು. ಅದು ಯಾವ ಸಿಲಬಸ್‌ನಲ್ಲೂ ಇಲ್ಲ.

ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್‌ನಲ್ಲಿ ಮಕ್ಕಳಿಗೆಂದೇ ಆಸ್ಪತ್ರೆ ತೆರೆದದ್ದು 1852ರಲ್ಲಿ, ಬರೀ 10 ಹಾಸಿಗೆಯಿಂದ. 1919ರಲ್ಲಿ ಬ್ರಿಟನ್ ನರ್ಸ್‌ಗಳ ನೋಂದಣಿ ಕಾಯ್ದೆ ತಂದಾಗ ಕಾಯಿಲೆ ಮಕ್ಕಳ ನರ್ಸ್‌ಗಳಿಗೆ ಪ್ರತ್ಯೇಕ ಪಟ್ಟಿಯನ್ನೇ ಇಟ್ಟಿತು. ಆಗ ನಮ್ಮನ್ನು ಆಳುತ್ತಿದ್ದವರೂ ಅವರೇ. ಆ ಪದ್ಧತಿ ಮಾತ್ರ ಇಲ್ಲಿಗೆ ಬರಲಿಲ್ಲ. ಬೆಂಗಳೂರಿನ ಕೋಟೆ ಪಕ್ಕ 1935ರಲ್ಲಿ ಹೆಂಗಸರಿಗೂ ಮಕ್ಕಳಿಗೂ ವಾಣಿ ವಿಲಾಸ ಆಸ್ಪತ್ರೆ ಬಂತು. ಇವತ್ತಿಗೂ ಕೋಲಾರದಿಂದ 'ಮೇಲಕ್ಕೆ' ಬರೆದುಕೊಟ್ಟ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಸ್ವಾತಂತ್ರ್ಯ ಬಂದ ವರ್ಷವೇ, 1947ರಲ್ಲಿ, ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಆಯಿತು. ಅದರಲ್ಲಿ ನರ್ಸ್, ಸೂಲಗಿತ್ತಿ, ಆರೋಗ್ಯ ಸಂದರ್ಶಕಿ ಇದ್ದರು. ಮಕ್ಕಳ ನರ್ಸ್ ಇರಲಿಲ್ಲ.

ಆಮೇಲಿನ ದಶಕಗಳಲ್ಲಿ ಹಳ್ಳಿಗೆ ಬಂದವರು ಎಎನ್‌ಎಂ. 1950ರ ದಶಕದಲ್ಲಿ ಶುರುವಾದಾಗ ಎರಡು ವರ್ಷದ ತರಬೇತಿ, ಹೆರಿಗೆ ಮತ್ತು ತಾಯಿ ಮಗುವಿನ ಆರೈಕೆಯೇ ಮುಖ್ಯ. 1973ರ ಕರ್ತಾರ್ ಸಿಂಗ್ ಸಮಿತಿ ಅವರನ್ನು ಎಲ್ಲ ಕೆಲಸದ ಕಾರ್ಯಕರ್ತೆ ಮಾಡಲು ಹೇಳಿತು. ಲಸಿಕೆ, ಕುಟುಂಬ ಯೋಜನೆ, ಮಲೇರಿಯಾ, ರಿಜಿಸ್ಟರು ಎಲ್ಲ ಅವರ ತಲೆ ಮೇಲೆ ಬಿತ್ತು, ತರಬೇತಿ ಮಾತ್ರ ಒಂದೂವರೆ ವರ್ಷಕ್ಕೆ ಇಳಿಯಿತು. ನಮ್ಮ ಅಭಿಪ್ರಾಯದಲ್ಲಿ ಮಕ್ಕಳ ಆರೈಕೆ ಹಿಂದೆ ಬಿದ್ದದ್ದು ಇಲ್ಲೇ. ಲಸಿಕೆಗಳಿಂದ ಅನೇಕ ಮಕ್ಕಳು ಉಳಿದವು, ನಿಜ. 1971ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರಲ್ಲಿ 28, ಕರ್ನಾಟಕದಲ್ಲಿ 19. ಈಗ ಸಾಯುವ ಮಕ್ಕಳಲ್ಲಿ ಹೆಚ್ಚಿನವು ಮೊದಲ ತಿಂಗಳಿನವು. ಅವನ್ನು ಉಳಿಸಲು ಲಸಿಕೆ ಸಾಲದು, ಹಗಲು ರಾತ್ರಿ ಪಕ್ಕದಲ್ಲಿ ಕಲಿತ ನರ್ಸ್ ಬೇಕು.

ಇದಕ್ಕೆ ದಾರಿ ತೋರಿಸಿದ್ದು ಪಶ್ಚಿಮ ಬಂಗಾಳದ ಬಡ ಜಿಲ್ಲೆ ಪುರುಲಿಯಾ. 2003ರಲ್ಲಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ನವಜಾತ ಶಿಶುಗಳಿಗೆ ವಿಶೇಷ ಘಟಕ ತೆರೆದರು. ನರ್ಸ್‌ಗಳು ಸಾಲದೆ, ಶಾಲೆ ಮುಗಿಸಿದ ಊರಿನ ಹುಡುಗಿಯರಿಗೇ ತರಬೇತಿ ಕೊಟ್ಟು ನರ್ಸ್‌ಗಳ ಜೊತೆ ನಿಲ್ಲಿಸಿದರು. ದೇಶದ ಜಿಲ್ಲಾಸ್ಪತ್ರೆಗಳಲ್ಲಿ ಈಗ ಇರುವ ಎಸ್‌ಎನ್‌ಸಿಯು ಘಟಕಗಳಿಗೆ ಆ ಘಟಕವೇ ಮಾದರಿ. ನಾವು ಬಾಕ್ಸ್ ಎನ್ನುವುದು ಈ ಘಟಕವನ್ನೇ. ಬಡ ದೇಶಗಳು ಕಂಡುಕೊಂಡದ್ದು ಇನ್ನೂ ಇದೆ. ಎಳೆಗೂಸನ್ನು ತಾಯಿಯ ಎದೆಗೆ ಕಟ್ಟಿ ಬಿಸಿ ಕೊಡುವ ಕಾಂಗರೂ ಆರೈಕೆ ಶುರುವಾದದ್ದು 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಬಾಕ್ಸ್‌ಗಳು ಸಾಲದ ಆಸ್ಪತ್ರೆಯಲ್ಲಿ. ಆಫ್ರಿಕಾದಲ್ಲಿ ಮಲಾವಿ, ಜಾಂಬಿಯಾದಂಥ ದೇಶಗಳ ನರ್ಸ್‌ಗಳು ಮಕ್ಕಳ ಆರೈಕೆಯನ್ನೇ ಕಲಿಯಲು ಕೇಪ್‌ಟೌನ್‌ಗೆ ಹೋಗಿ ಬರುತ್ತಿದ್ದರು.

ಇಲ್ಲಿ ಕಲಿಯಲು ಅವಕಾಶ ಇಲ್ಲವೆಂದಲ್ಲ. ಮಕ್ಕಳ ನರ್ಸಿಂಗ್‌ನಲ್ಲಿ ಎಂಎಸ್ಸಿ ಇದೆ, ನವಜಾತ ಶಿಶು ಆರೈಕೆಗೆ ಒಂದು ವರ್ಷದ ಡಿಪ್ಲೊಮಾ ಇದೆ. ಎಸ್‌ಎನ್‌ಸಿಯು ನರ್ಸ್‌ಗೆ ಸರ್ಕಾರ ಕೊಡುವುದು ನಾಲ್ಕು ದಿನದ ಪಾಠ, ಎರಡು ವಾರ ದೊಡ್ಡ ಆಸ್ಪತ್ರೆಯಲ್ಲಿ ನಿಂತು ನೋಡುವುದು. ಉಳಿದದ್ದೆಲ್ಲ ಕೆಲಸ ಮಾಡುತ್ತಲೇ ಕಲಿಯಬೇಕು. ಡಿಪ್ಲೊಮಾ ಮಾಡಿ ಬಂದರೂ ಹುದ್ದೆಯ ಹೆಸರು ಒಂದೇ, ಶುಶ್ರೂಷಾಧಿಕಾರಿ. ಹಾಗಾಗಿ ಕೈ ಪಳಗಿದ ನರ್ಸನ್ನು ಬೇರೆ ವಾರ್ಡಿಗೆ ಹಾಕಲು ಒಂದು ಆದೇಶ ಸಾಕು. ಈ ಘಟಕದ ನರ್ಸ್‌ಗಳನ್ನು ಹಾಗೆ ಬದಲಿಸಬಾರದು, ಪ್ರತಿ ಪಾಳಿಯಲ್ಲಿ ಮೂರು ನಾಲ್ಕು ಮಕ್ಕಳಿಗೆ ಒಬ್ಬರಿರಬೇಕು ಎನ್ನುವುದು ಕೇಂದ್ರದ ಮಾರ್ಗಸೂಚಿ.

ನಮ್ಮ ಜಿಲ್ಲೆಯಲ್ಲಿ ಅದು ಎಷ್ಟರಮಟ್ಟಿಗೆ ನಡೆದಿದೆ ಎಂದು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಯಾರು ಬೇಕಾದರೂ ಕೇಳಬಹುದು. ತರಬೇತಿಯಾದ ನರ್ಸ್‌ಗಳು ಎಷ್ಟು, ರಾತ್ರಿ ಪಾಳಿಗೆ ಎಷ್ಟು ಜನ, ಮೂರು ವರ್ಷದಲ್ಲಿ ಘಟಕದಿಂದ ಎಷ್ಟು ಮಂದಿಯನ್ನು ಬದಲಿಸಿದರು. ಈ ಮೂರೇ ಪ್ರಶ್ನೆ ಸಾಕು. ನಿಮ್ಮಲ್ಲಿ ಯಾರಾದರೂ ಕೇಳಿದರೆ, ಬಂದ ಉತ್ತರದ ಫೋಟೊ ನಮಗೂ ಕಳಿಸಿ.