ಮಿತಾಕ್ಷರೆಯಲ್ಲಿ ತಂದೆಯ ದಾಯಾಧಿಕಾರ

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (ಕ್ರಿ. ಶ. ೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು, ಪಿತಾಮಹನ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂದು ಸ್ಥಾಪಿಸಿದ ಗ್ರಂಥವೆಂಬುದು ವಿದ್ವಾಂಸರಿಗೆ ತಿಳಿದ ವಿಷಯವೇ ಆಗಿದೆ. ಅದೇ ಗ್ರಂಥದಲ್ಲಿ ತಂದೆಯ ಅಧಿಕಾರಕ್ಕೆ ಮಿತಿಯನ್ನಿಟ್ಟಿರುವ ಇನ್ನೊಂದು ಸ್ಥಳವುಂಟು. ಮೃತನಾದ ಮಗನ ಧನಕ್ಕೆ ತಂದೆಗಿಂತ ಮೊದಲು ತಾಯಿಯೇ ಅಧಿಕಾರಿಣಿಯೆಂದು ಸಾಧಿಸಿರುವ ಆ ಭಾಗವು ವ್ಯಾಕರಣಜ್ಞರಿಗೆ ವಿಶೇಷವಾಗಿ ರುಚಿಸತಕ್ಕದ್ದು.

ಬದುಕಿರುವ ತಂದೆಯ ಅಧಿಕಾರವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಪಿತಾಮಹನಿಂದ ಬಂದ ಭೂಮಿಯಲ್ಲಿ ಇಬ್ಬರಿಗೂ ಸಮಾನ ಸ್ವಾಮ್ಯವಿರುವುದರಿಂದ, ತಂದೆಗೆ ಇಷ್ಟವಿಲ್ಲದಿದ್ದರೂ ಮಗನು ವಿಭಾಗವನ್ನು ಕೇಳಬಹುದು. ತಂದೆಯು ಅದನ್ನು ಮಾರಹೊರಟರೆ ತಡೆಯಲೂಬಹುದು. ತಂದೆಯು ತಾನೇ ಗಳಿಸಿದ ಧನದಲ್ಲಿ ಮಗನು ಪರತಂತ್ರನು. ಆಪತ್ತು, ಕುಟುಂಬಪೋಷಣೆ, ಅವಶ್ಯವಾದ ಧರ್ಮಕಾರ್ಯ ಇವುಗಳಿಗಾಗಿ ಸ್ಥಿರಾಸ್ತಿಯನ್ನು ಒಬ್ಬನೇ ವಿಕ್ರಯಿಸಬಹುದೆಂಬ ಅಪವಾದವನ್ನೂ ಆಚಾರ್ಯನು ಒಪ್ಪಿರುವನು.

ಇನ್ನು ಪ್ರಕೃತ ವಿಷಯ. ವಿಭಕ್ತನಾಗಿದ್ದು ಪುತ್ರರಿಲ್ಲದೆ ಸತ್ತವನ ಧನವು ಪತ್ನಿಗೆ, ಅವಳಿಲ್ಲದಿದ್ದರೆ ಪುತ್ರಿಯರಿಗೆ, ಆಮೇಲೆ ‘ಪಿತರೌ’ ಎಂಬವರಿಗೆ, ಅನಂತರ ಸಹೋದರರಿಗೆ ಸಲ್ಲುವುದು. ‘ಪಿತರೌ’ ಎಂಬುದು ಏಕಶೇಷ. ಪಾಣಿನಿಯು ಇದನ್ನು ವಿಕಲ್ಪವಾಗಿ ವಿಧಿಸಿರುವುದರಿಂದ, ಏಕಶೇಷವಿಲ್ಲದ ಪಕ್ಷದಲ್ಲಿ ‘ಮಾತಾಪಿತರೌ’ ಎಂದಾಗುವುದು. ಒಂದೇ ಪದವು ಇಬ್ಬರನ್ನೂ ಒಟ್ಟಿಗೆ ಬೋಧಿಸುವಾಗ ಕ್ರಮವು ಎಲ್ಲಿಂದ ಬಂದೀತು? ವಿಗ್ರಹವಾಕ್ಯದಲ್ಲಿ ಮಾತೃಶಬ್ದವೇ ಮೊದಲು ಬರುತ್ತದೆ, ಏಕಶೇಷವಿಲ್ಲದ ರೂಪದಲ್ಲಿಯೂ ಅದೇ ಮೊದಲು. ಆದುದರಿಂದ ಧನವು ಮೊದಲು ತಾಯಿಗೆ, ಅವಳ ಅಭಾವದಲ್ಲಿ ತಂದೆಗೆ ಎಂದು ಆಚಾರ್ಯನ ಉತ್ತರ.

ಈ ಯುಕ್ತಿಯೊಂದೇ ಆಗಿದ್ದರೆ ಸಿದ್ಧಾಂತವು ನಿಲ್ಲುತ್ತಿರಲಿಲ್ಲವೆಂದು ನನ್ನ ಮತ. ದ್ವಂದ್ವದಲ್ಲಿ ಮಾತೃಶಬ್ದಕ್ಕೆ ಪೂರ್ವನಿಪಾತವು ಬಂದುದು ತಾಯಿಯು ಹೆಚ್ಚು ಪೂಜ್ಯಳೆಂಬ ಕಾರಣದಿಂದ. ಪೂಜ್ಯತೆಯು ಧನಪ್ರಾಪ್ತಿಗೆ ಹೇತುವಲ್ಲ. ಹೇತುವಾಗಿದ್ದರೆ ಆಚಾರ್ಯನಾದವನು ಶಿಷ್ಯನ ಧನಕ್ಕಾಗಿ ಬಂಧುಗಳೆಲ್ಲರ ಹಿಂದೆ ನಿಲ್ಲಬೇಕಾಗಿರಲಿಲ್ಲ!

ಬಲವು ಎರಡನೆಯ ಯುಕ್ತಿಯಲ್ಲಿದೆ. ಇಬ್ಬರು ಹೆಂಡಿರಿರುವವನಿಗೆ ಇಬ್ಬರಲ್ಲಿಯೂ ಮಕ್ಕಳಿದ್ದರೆ ತಂದೆಯು ಅವರೆಲ್ಲರಿಗೂ ಸಾಧಾರಣನು. ತಾಯಿಯಾದರೋ ತನ್ನ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಮಾತ್ರ ತಾಯಿ. ಆದುದರಿಂದ ಪ್ರತ್ಯಾಸತ್ತಿಯು, ಎಂದರೆ ಸಾಮೀಪ್ಯವು, ಅವಳಲ್ಲಿ ಹೆಚ್ಚು. ಹೆಚ್ಚು ಸಮೀಪನಾದ ಸಪಿಂಡನಿಗೇ ಧನವೆಂದು ಮನುವಿನ ನಿಯಮ. ಸಾಪಿಂಡ್ಯವನ್ನು ಪಿಂಡದಾನದಿಂದಲ್ಲದೆ ದೇಹಾವಯವಗಳ ಸಂಬಂಧದಿಂದ ವಿವರಿಸಿದ ವಿಜ್ಞಾನೇಶ್ವರನಿಗೆ ಈ ವಾದವು ಸಹಜವಾಗಿಯೇ ಒದಗಿತು. ಪಿಂಡೋಪಕಾರವನ್ನು ಆಧಾರವಾಗಿ ಹಿಡಿದ ವಂಗದೇಶದ ಜೀಮೂತವಾಹನನು ದಾಯಭಾಗದಲ್ಲಿ ತಂದೆಯನ್ನೇ ಮುಂದಿಟ್ಟನು. ವಿಷ್ಣುಸ್ಮೃತಿಯ ಕ್ರಮವೂ ತಂದೆಯ ಪಕ್ಷದಲ್ಲಿದೆ. ಅಲ್ಲಿ ಪದಚ್ಛೇದದ ಕ್ಲೇಶವೇ ಇಲ್ಲ. ವ್ಯವಹಾರಮಯೂಖವನ್ನು ಬರೆದ ನೀಲಕಂಠನೂ ಹಾಗೆಯೇ ನಿರ್ಣಯಿಸಿದುದರಿಂದ, ಆ ಗ್ರಂಥವು ಪ್ರಮಾಣವಾಗಿದ್ದ ಗುಜರಾತಿನಲ್ಲಿ ತಂದೆಗೆ ಮೊದಲ ಸ್ಥಾನವಿತ್ತು. ಕನ್ನಡನಾಡಿನಲ್ಲಿ ಮಿತಾಕ್ಷರೆಯೇ ಪ್ರಮಾಣವಾಗಿ ನಡೆಯಿತು.

೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಹಳೆಯ ದಾಯಕ್ರಮವನ್ನು ಬಹುಮಟ್ಟಿಗೆ ಕಳಚಿತು. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸ್ವತ್ವವನ್ನು ಕರ್ಣಾಟಕವು ೧೯೯೪ರಲ್ಲಿಯೂ ಕೇಂದ್ರ ಶಾಸನವು ೨೦೦೫ರಲ್ಲಿಯೂ ಕೊಟ್ಟವು. ಆದರೆ ಪುರುಷನು ಮರಣಶಾಸನವಿಲ್ಲದೆ ಸತ್ತಾಗ ತಾಯಿಯು ಪತ್ನೀಪುತ್ರಪುತ್ರಿಯರೊಡನೆ ಮೊದಲನೆಯ ವರ್ಗದಲ್ಲಿರುವಳು. ತಂದೆಯು ಎರಡನೆಯ ವರ್ಗದ ಆರಂಭದಲ್ಲಿರುವನು, ಮೊದಲನೆಯ ವರ್ಗದಲ್ಲಿ ಯಾರೊಬ್ಬರಿದ್ದರೂ ಅವನಿಗೆ ಏನೂ ದೊರೆಯದು. ತಾಯಿಯು ಸೊಸೆ ಮೊಮ್ಮಕ್ಕಳೊಡನೆ ಸಮಭಾಗವನ್ನು ಪಡೆಯುವುದು ವಿಜ್ಞಾನೇಶ್ವರನು ಹೇಳದ ಮಾತು. ಅವಿವಾಹಿತನಾದ ಮಗನು ತೀರಿಕೊಂಡು ತಂದೆತಾಯಿಗಳಿಬ್ಬರೇ ಉಳಿದ ಮನೆಯಲ್ಲಿ ಮಾತ್ರ, ಅವನ ಸ್ವಾರ್ಜಿತವೆಲ್ಲವೂ ಇಂದಿಗೂ ಕಲ್ಯಾಣದ ಪಂಡಿತನು ಹೇಳಿದಂತೆಯೇ ತಾಯಿಗೆ ಸೇರುತ್ತದೆ.