ಬಹುಹಂತದ ಕನ್ವರ್ಟರ್‌ಗಳಲ್ಲಿ ಶಾರ್ಟ್ ಸರ್ಕ್ಯೂಟ್ ದೋಷಗಳು: ಸಾಮಾನ್ಯ ಮಾಹಿತಿ

ಪೀಠಿಕೆ

ಅಧಿಕ ಪ್ರಮಾಣದ ವಿದ್ಯುತ್ತನ್ನು ದೂರದ ಸ್ಥಳಗಳಿಗೆ ಸಾಗಿಸಲು ಡಿ.ಸಿ. ಅಂದರೆ ನೇರ ವಿದ್ಯುತ್ ಪ್ರಸರಣ ಮಾರ್ಗಗಳನ್ನು ಬಳಸಲಾಗುತ್ತದೆ. ಮಾರ್ಗದ ಎರಡೂ ತುದಿಗಳಲ್ಲಿ ಎ.ಸಿ.ಯನ್ನು ಡಿ.ಸಿ.ಗೂ, ಡಿ.ಸಿ.ಯನ್ನು ಎ.ಸಿ.ಗೂ ಬದಲಾಯಿಸುವ ಕನ್ವರ್ಟರ್ ಕೇಂದ್ರಗಳಿರುತ್ತವೆ. ಒಡಿಶಾದ ತಾಲ್ಚೇರ್‌ನಿಂದ ಕರ್ನಾಟಕದ ಕೋಲಾರಕ್ಕೆ 2003ರಲ್ಲಿ ಆರಂಭವಾದ 500 ಕಿಲೋವೋಲ್ಟ್ ಮಾರ್ಗದಲ್ಲಿ ಥೈರಿಸ್ಟರ್ ಆಧಾರಿತ ಕನ್ವರ್ಟರ್‌ಗಳನ್ನು ಅಳವಡಿಸಲಾಗಿದೆ. ಬಹುಹಂತದ ಕನ್ವರ್ಟರ್ ಇದರ ನಂತರದ ತಂತ್ರಜ್ಞಾನವಾಗಿದ್ದು, ತಮಿಳುನಾಡಿನ ಪುಗಳೂರು ಮತ್ತು ಕೇರಳದ ತ್ರಿಶ್ಶೂರ್ ನಡುವಿನ 320 ಕಿಲೋವೋಲ್ಟ್, 2000 ಮೆಗಾವ್ಯಾಟ್ ಸಾಮರ್ಥ್ಯದ ಮಾರ್ಗದಲ್ಲಿ ಇದನ್ನು ಬಳಸಲಾಗಿದೆ. ಸದರಿ ಮಾರ್ಗವನ್ನು 2021ರ ಫೆಬ್ರವರಿಯಲ್ಲಿ ರಾಷ್ಟ್ರಕ್ಕೆ ಸಮರ್ಪಿಸಲಾಯಿತು.

ರಚನೆ

ಬಹುಹಂತದ ಕನ್ವರ್ಟರ್‌ನಲ್ಲಿ ಅನೇಕ ಚಿಕ್ಕ ಘಟಕಗಳನ್ನು ಸರಣಿಯಲ್ಲಿ ಜೋಡಿಸಲಾಗಿರುತ್ತದೆ. ಪ್ರತಿ ಘಟಕದಲ್ಲಿ ಒಂದು ಕೆಪಾಸಿಟರ್, ಸಾಮಾನ್ಯವಾಗಿ ಎರಡು ಐ.ಜಿ.ಬಿ.ಟಿ. ಸ್ವಿಚ್‌ಗಳು ಹಾಗೂ ಪ್ರತಿ ಸ್ವಿಚ್ಚಿಗೆ ಸಮಾನಾಂತರವಾಗಿ ಒಂದು ಡಯೋಡ್ ಇರುತ್ತವೆ. ಈ ಘಟಕಗಳನ್ನು ಒಂದೊಂದಾಗಿ ಸೇರಿಸುತ್ತ, ತೆಗೆಯುತ್ತ ವೋಲ್ಟೇಜನ್ನು ಮೆಟ್ಟಿಲುಗಳಂತೆ ರೂಪಿಸುವುದರಿಂದ ಈ ಹೆಸರು ಬಂದಿದೆ. ಇಂತಹ ಕನ್ವರ್ಟರ್‌ಗಳನ್ನು ಬಳಸಿದ ಪ್ರಥಮ ಡಿ.ಸಿ. ಪ್ರಸರಣ ಯೋಜನೆಯು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ 2010ರಲ್ಲಿ ಆರಂಭವಾದ ಟ್ರಾನ್ಸ್ ಬೇ ಕೇಬಲ್ ಆಗಿದೆ.

ದೋಷಗಳ ವಿಧಗಳು

1. ಘಟಕದೊಳಗಿನ ದೋಷ: ಒಂದೇ ಘಟಕದ ಎರಡೂ ಸ್ವಿಚ್‌ಗಳು ಏಕಕಾಲಕ್ಕೆ ಮುಚ್ಚಿಕೊಂಡಲ್ಲಿ ಕೆಪಾಸಿಟರ್‌ನಲ್ಲಿ ಸಂಗ್ರಹವಾದ ಶಕ್ತಿಯು ಅವುಗಳ ಮೂಲಕವೇ ಹರಿದುಹೋಗುತ್ತದೆ. ಇಂತಹ ಪ್ರವಾಹವನ್ನು ಐ.ಜಿ.ಬಿ.ಟಿ. ಸಾಮಾನ್ಯವಾಗಿ 10 ಮೈಕ್ರೋಸೆಕೆಂಡುಗಳಷ್ಟು ಮಾತ್ರ ತಡೆದುಕೊಳ್ಳಬಲ್ಲದು. ಆದುದರಿಂದ ಸ್ವಿಚ್ಚಿನ ಚಾಲಕ ಮಂಡಲವೇ ದೋಷವನ್ನು ಗುರುತಿಸಿ ಅದನ್ನು ನಿಲ್ಲಿಸುತ್ತದೆ. ಬಳಿಕ ಬೈಪಾಸ್ ಸ್ವಿಚ್ ಆ ಘಟಕವನ್ನು ಮಾರ್ಗದಿಂದ ಹೊರಗಿಡುತ್ತದೆ. ಮೀಸಲು ಘಟಕಗಳನ್ನು ಮೊದಲೇ ಅಳವಡಿಸಿರುವುದರಿಂದ ವಿದ್ಯುತ್ ಪೂರೈಕೆಗೆ ಅಡಚಣೆಯಾಗುವುದಿಲ್ಲ.

2. ಡಿ.ಸಿ. ಮಾರ್ಗದ ದೋಷ: ಇದು ಹೆಚ್ಚು ಗಂಭೀರವಾದುದು. ಮಾರ್ಗದಲ್ಲಿ ಶಾರ್ಟ್ ಸರ್ಕ್ಯೂಟ್ ಉಂಟಾದ ಕೂಡಲೇ ಎಲ್ಲ ಐ.ಜಿ.ಬಿ.ಟಿ.ಗಳನ್ನು ನಿಲ್ಲಿಸಲಾಗುತ್ತದೆ, ಕೆಪಾಸಿಟರ್‌ಗಳಿಂದ ಹರಿಯುವ ಪ್ರವಾಹ ನಿಲ್ಲುತ್ತದೆ. ಆದರೆ ಡಯೋಡ್‌ಗಳನ್ನು ನಿಲ್ಲಿಸಲು ಸಾಧ್ಯವಿಲ್ಲ. ಅವುಗಳ ಮೂಲಕ ಎ.ಸಿ. ಜಾಲವು ದೋಷದ ಸ್ಥಳಕ್ಕೆ ಪ್ರವಾಹ ಹರಿಸುತ್ತಲೇ ಇರುತ್ತದೆ. 50 ಹರ್ಟ್ಸ್ ಎ.ಸಿ. ಪ್ರವಾಹವು ಸೆಕೆಂಡಿಗೆ 100 ಬಾರಿ ಶೂನ್ಯಕ್ಕೆ ಬರುವುದರಿಂದ ಅದನ್ನು ಕಡಿತಗೊಳಿಸುವುದು ಸುಲಭ, ಡಿ.ಸಿ.ಯಲ್ಲಿ ಅಂತಹ ಶೂನ್ಯವಿಲ್ಲ. ಥೈರಿಸ್ಟರ್ ಕನ್ವರ್ಟರ್‌ಗಳಲ್ಲಾದರೋ ಚಾಲನಾ ಕೋನವನ್ನು ಬದಲಿಸಿ ದೋಷ ಪ್ರವಾಹವನ್ನು ತಗ್ಗಿಸಬಹುದಾಗಿದೆ. ಹೊಸ ತಂತ್ರಜ್ಞಾನದಲ್ಲಿ ಈ ಸೌಲಭ್ಯವು ತಾನಾಗಿಯೇ ದೊರೆಯುವುದಿಲ್ಲ.

ಪರಿಹಾರ ಕ್ರಮಗಳು

ಅ) ಎ.ಸಿ. ಬದಿಯ ಸರ್ಕ್ಯೂಟ್ ಬ್ರೇಕರ್ ತೆರೆಯುವುದು. ಇದಕ್ಕೆ ಕೆಲವು ಆವರ್ತಗಳು, ಅಂದರೆ ಹತ್ತಾರು ಮಿಲಿಸೆಕೆಂಡುಗಳು ಬೇಕಾಗುತ್ತವೆ. ಅಲ್ಲಿಯವರೆಗೆ ಡಯೋಡ್‌ಗಳನ್ನು ರಕ್ಷಿಸಲು ಥೈರಿಸ್ಟರ್‌ಗಳನ್ನು ಜೋಡಿಸಲಾಗುತ್ತದೆ. ಈ ಕ್ರಮದಲ್ಲಿ ಸಂಪರ್ಕವೇ ಸ್ಥಗಿತಗೊಳ್ಳುತ್ತದೆ.

ಆ) ನಾಲ್ಕು ಸ್ವಿಚ್‌ಗಳ ಪೂರ್ಣ ಸೇತುವೆ ಘಟಕಗಳನ್ನು ಬಳಸುವುದು. ಇವು ದೋಷ ಪ್ರವಾಹವನ್ನು ತಾವೇ ತಡೆಯುತ್ತವೆ. ಆದರೆ ವೆಚ್ಚ ಹಾಗೂ ವಿದ್ಯುತ್ ನಷ್ಟ ಅಧಿಕ.

ಇ) ಡಿ.ಸಿ. ಬ್ರೇಕರ್‌ಗಳನ್ನು ಅಳವಡಿಸುವುದು. ಚೀನಾದ ಝಾಂಗ್‌ಬೆಯ್‌ನಲ್ಲಿ 2020ರಲ್ಲಿ ಆರಂಭವಾದ ನಾಲ್ಕು ಕೇಂದ್ರಗಳ 500 ಕಿಲೋವೋಲ್ಟ್ ಡಿ.ಸಿ. ಜಾಲದಲ್ಲಿ ಇವುಗಳನ್ನು ಬಳಸಲಾಗಿದೆ. ದೋಷವುಳ್ಳ ಮಾರ್ಗವನ್ನು ಮಾತ್ರ ಬೇರ್ಪಡಿಸಿ ಉಳಿದವುಗಳನ್ನು ಮುಂದುವರಿಸಲು ಇದು ನೆರವಾಗುತ್ತದೆ.

ಭೂಗತ ಕೇಬಲ್‌ನಲ್ಲಿ ದೋಷಗಳು ವಿರಳವಾದರೂ ದುರಸ್ತಿಗೆ ದೀರ್ಘ ಕಾಲ ಬೇಕು. ಓವರ್‌ಹೆಡ್ ಮಾರ್ಗದಲ್ಲಿ ಸಿಡಿಲು ಮುಂತಾದವುಗಳಿಂದ ಕ್ಷಣಿಕ ದೋಷಗಳು ಉಂಟಾಗುವುದರಿಂದ ಶೀಘ್ರ ಪುನರಾರಂಭ ಮುಖ್ಯ. ಪುಗಳೂರು-ತ್ರಿಶ್ಶೂರ್ ಮಾರ್ಗವು ಎರಡನ್ನೂ ಒಳಗೊಂಡಿದೆ. ಮೇಲ್ಕಂಡ ಕ್ರಮಗಳ ಆಯ್ಕೆಯು ಮಾರ್ಗದ ಸ್ವರೂಪವನ್ನು ಅವಲಂಬಿಸಿರುತ್ತದೆ.

ಸಾರ್ವಜನಿಕರ ಗಮನಕ್ಕೆ

ಕನ್ವರ್ಟರ್ ಸ್ಥಗಿತಗೊಂಡ ನಂತರವೂ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ. ಅವು ಖಾಲಿಯಾಗಿ, ಭೂಸಂಪರ್ಕ ಕಲ್ಪಿಸುವವರೆಗೆ ಸಿಬ್ಬಂದಿಯೂ ಅವುಗಳನ್ನು ಮುಟ್ಟುವಂತಿಲ್ಲ. ತುಂಡಾಗಿ ಬಿದ್ದ ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಭಾವಿಸಬಾರದು. ಮಾರ್ಗವನ್ನು ಮತ್ತೆ ಚಾಲನೆಗೊಳಿಸುವ ಸಾಧ್ಯತೆ ಇರುತ್ತದೆ. ಅಂತಹ ತಂತಿ ಕಂಡುಬಂದಲ್ಲಿ ದೂರವಿದ್ದು, 1912 ದೂರವಾಣಿ ಸಂಖ್ಯೆಗೆ ಕೂಡಲೇ ತಿಳಿಸತಕ್ಕದ್ದು.