ಹೈದರಾಬಾದ್ ಕಂಟಿಂಜೆಂಟ್: ಹೆಸರು, ವೆಚ್ಚ ಮತ್ತು ನೆಲ

ವಸಾಹತುಶಾಹಿ ಕಾಲದ ಕಾಲಾಳುಪಡೆಗಳ ಇತಿಹಾಸವೆಂದರೆ ಗೂರ್ಖಾ, ಸಿಖ್ ಪಡೆಗಳ ಇತಿಹಾಸವೆಂಬ ಭಾವನೆ ರೂಢಮೂಲವಾಗಿದೆ. ಬಸವಕಲ್ಯಾಣ, ಹುಮನಾಬಾದಗಳನ್ನು ಒಳಗೊಂಡಿದ್ದ ನಿಜಾಮ ಸಂಸ್ಥಾನದಲ್ಲಿಯೂ ಅಂಥದೊಂದು ಪಡೆಯಿತ್ತು. ಅದೇ ಹೈದರಾಬಾದ್ ಕಂಟಿಂಜೆಂಟ್. ಹೆಸರನ್ನು ಕಂಡು ಇದನ್ನು ನಿಜಾಮನ ಸ್ವಂತ ಸೇನೆಯೆಂದು ಭಾವಿಸುವುದುಂಟು. ವಾಸ್ತವವಾಗಿ ಸಂಬಳದ ಹೊರೆ ನಿಜಾಮನದು, ಆಜ್ಞೆ ಬ್ರಿಟಿಷ್ ಅಧಿಕಾರಿಗಳದು.

1813ರಲ್ಲಿ ರೆಸಿಡೆಂಟ್ ಹೆನ್ರಿ ರಸೆಲ್ ರೂಪಿಸಿದ 'ರಸೆಲ್ ಬ್ರಿಗೇಡ್' ಇದರ ಮೂಲ. 1817ರ ಮಹಿದಪುರ ಕದನದಲ್ಲಿ ಅದು ಹೋಳ್ಕರರ ವಿರುದ್ಧ ಹೋರಾಡಿತು. ಪಡೆಯ ವೆಚ್ಚ ಬೆಳೆದು ಸಾಲವಾಯಿತು. ಸಾಲವು ನೆಲವನ್ನೇ ಕಸಿಯಿತು. 1853ರ ಒಪ್ಪಂದದಂತೆ ಬೀರಾರ, ನಳದುರ್ಗ ಸೀಮೆ ಹಾಗೂ ರಾಯಚೂರು ದೋಆಬ್ ಬ್ರಿಟಿಷರ ಆಡಳಿತಕ್ಕೆ ಸೇರಿದವು. ಕಲ್ಯಾಣಕ್ಕೆ ಸಮೀಪದ ನಳದುರ್ಗವೂ ಕನ್ನಡ ಸೀಮೆಯಾದ ದೋಆಬವೂ ಹೀಗೆ ಸೈನಿಕರ ಸಂಬಳಕ್ಕೆ ಒತ್ತೆಯಾದವು.

ಈ ಪಡೆಯು ಕನ್ನಡ ನೆಲದ ಮೇಲೆಯೇ ಪ್ರಯೋಗವಾದುದು ಗಮನಾರ್ಹ. 1858ರ ಫೆಬ್ರವರಿಯಲ್ಲಿ ಲಿಂಗಸುಗೂರಿನಿಂದ ಹೊರಟ ಕಂಟಿಂಜೆಂಟ್ ತುಕಡಿ ವೆಂಕಟಪ್ಪ ನಾಯಕನ ಸುರಪುರವನ್ನು ಮುತ್ತಿತು. 1860ರಲ್ಲಿ ನಳದುರ್ಗ ಮತ್ತು ದೋಆಬ್ ನಿಜಾಮನಿಗೆ ಮರಳಿದವು. ಜೊತೆಗೆ ಸುರಪುರವೂ ಅವನ ಪಾಲಾಯಿತು. ಬೀರಾರ ಮಾತ್ರ ಬ್ರಿಟಿಷರಲ್ಲಿಯೇ ಉಳಿದು, 1902ರಲ್ಲಿ ವಾರ್ಷಿಕ 25 ಲಕ್ಷ ರೂಪಾಯಿಗಳ ಶಾಶ್ವತ ಗುತ್ತಿಗೆಗೆ ಒಳಪಟ್ಟಿತು.

ಅದರ ಮರುವರ್ಷ ಕಂಟಿಂಜೆಂಟಿನ ಆರು ಕಾಲಾಳು ಪಡೆಗಳು 94ರಿಂದ 99ರವರೆಗಿನ ಸಂಖ್ಯೆಗಳೊಡನೆ ಭಾರತೀಯ ಸೇನೆಯಲ್ಲಿ ವಿಲೀನಗೊಂಡವು. 1922ರ ಪುನರ್ರಚನೆಯಲ್ಲಿ 19ನೆಯ ಹೈದರಾಬಾದ್ ರೆಜಿಮೆಂಟ್ ಮೂಡಿತು. ಉತ್ತರದ ಕೆಲವು ಜನವರ್ಗಗಳೇ 'ಯೋಧ ಕುಲ'ಗಳೆಂಬ, ಗೂರ್ಖಾ ನೇಮಕಾತಿಗೂ ಆಧಾರವಾಗಿದ್ದ ನೀತಿ ಇಲ್ಲಿಯೂ ಪ್ರಬಲವಾಗಿ, ಕುಮಾವೂನಿ, ಜಾಟ್, ಅಹೀರರು ಪ್ರಾಧಾನ್ಯ ಪಡೆದರು. ಕೊಡಗಿನ ಕೆ.ಎಸ್. ತಿಮ್ಮಯ್ಯನವರು ಈ ರೆಜಿಮೆಂಟಿನ ಅಧಿಕಾರಿಯಾಗಿದ್ದರು. 1945ರಲ್ಲಿ ಇದು ಕುಮಾವೂನ್ ರೆಜಿಮೆಂಟ್ ಎನಿಸಿಕೊಂಡಿತು. ದಖನ್ನಿನ ಕಂದಾಯದಿಂದ ಬೆಳೆದ ಪಡೆಯಲ್ಲಿ ದಖನ್ನಿನ ಹೆಸರೂ ಉಳಿಯಲಿಲ್ಲ.

1948ರ ಸೆಪ್ಟೆಂಬರ್ 13ರಂದು ಸೊಲ್ಲಾಪುರದಿಂದ ಹೊರಟ ಭಾರತೀಯ ಸೇನೆ ನಳದುರ್ಗವನ್ನು ವಶಪಡಿಸಿಕೊಂಡು, ಮರುದಿನ ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರವನ್ನು ತಲುಪಿತು. ಆಗ ಅದನ್ನು ಎದುರಿಸಿದ 'ಹೈದರಾಬಾದ್ ಇನ್‌ಫಂಟ್ರಿ' ನಿಜಾಮನ ಸಂಸ್ಥಾನ ಸೇನೆ. ಕಂಟಿಂಜೆಂಟಿನ ವಾರಸುದಾರ ಪಡೆಯಾದರೋ ಭಾರತೀಯ ಸೇನೆಯ ಅಂಗವಾಗಿತ್ತು. ಆದುದರಿಂದ ಈ ಭಾಗದ ದಾಖಲೆಗಳಲ್ಲಿ 'ಹೈದರಾಬಾದ್ ಸೇನೆ' ಎಂಬ ಮಾತು ಬಂದಲ್ಲೆಲ್ಲ ಅದು ಯಾವ ವರ್ಷದ್ದು, ಯಾರ ಆಜ್ಞೆಗೆ ಒಳಪಟ್ಟದ್ದು ಎಂಬುದನ್ನು ಸಂಶೋಧಕರು ಮೊದಲು ನಿರ್ಧರಿಸಿಕೊಳ್ಳಬೇಕು.